ಎಂಎಸ್ ಸಂಶೋಧನೆಗೆ ಆಸ್ಪತ್ರೆಯ ಎಂಆರ್‌ಐ ಯಾಕೆ ಸಾಲುವುದಿಲ್ಲ?

ನಿಮ್ಮ ಪ್ರಶ್ನೆ ಹೀಗಿದೆ: ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ದೇಹದ ಪ್ರತಿರಕ್ಷಣೆಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ರೋಗ) ಇದೆ, ಆಸ್ಪತ್ರೆಯ ಎಂಆರ್‌ಐ ರಿಪೋರ್ಟೂ ಕೈಯಲ್ಲಿದೆ. ಆದರೂ ವಿಶ್ವವಿದ್ಯಾಲಯದ ತಂಡ ತನ್ನದೇ ಯಂತ್ರದಲ್ಲಿ ಒಂದು ಗಂಟೆ ಮಲಗಿಸಿ, ವರ್ಷಕ್ಕೊಮ್ಮೆ ಮತ್ತೆ ಬರಬೇಕು ಅನ್ನುತ್ತಿದೆ. ಯಾಕೆ?

ಎರಡೂ ಕಡೆ ಹುಡುಕುವುದು ಬೇರೆ ಬೇರೆ. ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ನೋಡುವುದು ಕಲೆಗಳು (ರೋಗದಿಂದ ಹಾನಿಯಾದ ಜಾಗಗಳು) ಇವೆಯೇ, ಎಲ್ಲೆಲ್ಲಿವೆ, ಹೊಸದು ಬಂದಿದೆಯೇ ಅಂತ. ಅದಕ್ಕೆ ಪಳಗಿದ ಕಣ್ಣು ಸಾಕು. ಸಂಶೋಧಕರಿಗೆ ಬೇಕಾದದ್ದು ಅಳತೆ, ಅದೂ ಒಂದು ವರ್ಷದ ನಂತರ ಮತ್ತೆ ಅಳೆದು ಹೋಲಿಸಬಹುದಾದ ಅಳತೆ. ಕಷ್ಟವೆಲ್ಲ ಅಲ್ಲೇ ಇರುವುದು.

ಒಂದು ಕಲೆಯನ್ನೇ ತೆಗೆದುಕೊಳ್ಳಿ. ರೋಗನಿರ್ಣಯದಲ್ಲಿ ಲೆಕ್ಕಕ್ಕೆ ಬರಲು ಅದು ಕನಿಷ್ಠ 3 ಮಿಲಿಮೀಟರ್ ಇರಬೇಕು. ಹಳೆಯ ಬಗೆಯ ಸ್ಕ್ಯಾನ್‌ನಲ್ಲಿ ಒಂದೊಂದು ಪದರದ ದಪ್ಪವೇ 3ರಿಂದ 5 ಮಿಲಿಮೀಟರ್, ನಡುವೆ ಖಾಲಿ ಬಿಟ್ಟ ಜಾಗ ಬೇರೆ. ಸಣ್ಣ ಕಲೆ ಎರಡು ಪದರಗಳ ನಡುವೆ ಸಿಕ್ಕಿ ಮಸುಕಾಗಬಹುದು, ಪೂರ್ತಿ ತಪ್ಪಿಯೂ ಹೋಗಬಹುದು. ಸಂಶೋಧನೆಯಲ್ಲಿ ಸಾಮಾನ್ಯವಾಗಿ 3ಡಿ ಫ್ಲೇರ್ (ಕಲೆಗಳು ಬೆಳ್ಳಗೆ ಎದ್ದು ಕಾಣುವ ಬಗೆಯ ಎಂಆರ್‌ಐ ಚಿತ್ರ) ತೆಗೆಯುತ್ತಾರೆ, 1 ಮಿಲಿಮೀಟರ್ ಘನಗಳಲ್ಲಿ. ಅದರಲ್ಲೂ 3 ಮಿಲಿಮೀಟರ್‌ನ ದುಂಡು ಕಲೆ ಅಂದರೆ ಹೆಚ್ಚುಕಡಿಮೆ 14 ಘನಗಳು ಮಾತ್ರ. ಮುಂದಿನ ವರ್ಷ ತಲೆ ತುಸು ಓರೆಯಾಗಿದ್ದರೂ ಅಂಚಿನ ನಾಲ್ಕೈದು ಘನಗಳ ಬಣ್ಣ ಬದಲಾಗುತ್ತದೆ, ಕಲೆ ಬೆಳೆದಂತೆಯೋ ಕುಗ್ಗಿದಂತೆಯೋ ಕಾಣುತ್ತದೆ. ಹಾಗಾಗಿ ಅದೇ ಯಂತ್ರ, ಅದೇ ಕಾಯಿಲ್ (ತಲೆಯ ಸುತ್ತ ಇಟ್ಟು ಸಂಕೇತ ಹಿಡಿಯುವ ಸಾಧನ), ಅದೇ ಸೆಟ್ಟಿಂಗ್ ಬೇಕೆಂದು ಹಟ ಹಿಡಿಯುತ್ತಾರೆ. ನಡುವೆ ಸ್ಕ್ಯಾನರಿನ ಸಾಫ್ಟ್‌ವೇರ್ ಅಪ್‌ಡೇಟ್ ಆದರೂ ಅವರಿಗೆ ತಲೆನೋವೇ.

ಮೆದುಳಿನ ಗಾತ್ರ ಅಳೆಯುವುದು ಇದಕ್ಕಿಂತ ಸೂಕ್ಷ್ಮ. ಆರೋಗ್ಯವಂತ ವಯಸ್ಕರ ಮೆದುಳು ವರ್ಷಕ್ಕೆ ಶೇ. 0.1ರಿಂದ 0.3ರಷ್ಟು ಕುಗ್ಗುತ್ತದೆ. ಚಿಕಿತ್ಸೆ ಇಲ್ಲದ ಎಂಎಸ್‌ನಲ್ಲಿ ಇದು ಶೇ. 0.5 ದಾಟುತ್ತದೆ, ಕೆಲವರಲ್ಲಿ ಶೇ. 1ರ ಮೇಲೂ ಹೋಗುತ್ತದೆ. ಆದರೆ ಹದಿನೈದು ಹದಿನಾರು ಗಂಟೆ ನೀರು ಕುಡಿಯದಿದ್ದರೂ ಮೆದುಳಿನ ಗಾತ್ರ ಶೇ. 0.5ರ ಆಸುಪಾಸು ಇಳಿದಂತೆ ತೋರುತ್ತದೆ! ಒಂದು ವರ್ಷದ ರೋಗದಷ್ಟು ಬದಲಾವಣೆ ಒಂದು ದಿನದ ಬಾಯಾರಿಕೆಯಿಂದ. ಸ್ಟೆರಾಯ್ಡ್ ಡ್ರಿಪ್ ಆದ ಹೊಸದರಲ್ಲೂ ಹೀಗೇ. ಉರಿಯೂತ ಇಳಿಸುವ ಹೊಸ ಔಷಧಿ ಶುರುವಾದ ಮೊದಲ ವರ್ಷದಲ್ಲಿ ಬಾವು ಇಳಿದು ಮೆದುಳು ಚಿಕ್ಕದಾದಂತೆ ಕಾಣುವುದುಂಟು. ಅದು ನರಕೋಶಗಳ ನಷ್ಟವಲ್ಲ. ಒಳ್ಳೆಯ ತಂಡ ಔಷಧಿ ಕೆಲಸಕ್ಕೆ ಹತ್ತಿದ ಆರು ತಿಂಗಳ ನಂತರದ ಸ್ಕ್ಯಾನನ್ನು ಆಧಾರವಾಗಿ ಇಟ್ಟುಕೊಳ್ಳುವುದು ಇದಕ್ಕೇ.

ಸಾಫ್ಟ್‌ವೇರ್ ಕೂಡ ಎಡವುತ್ತದೆ. ಗಾತ್ರ ಅಳೆಯಲು ಬಳಸುವ ಟಿ1 ಎಂಬ ಬಗೆಯ ಚಿತ್ರದಲ್ಲಿ ಕಲೆ ಕಪ್ಪಾಗಿ ಕಾಣುವುದರಿಂದ ಅದನ್ನು ಬೂದು ದ್ರವ್ಯ (ನರಕೋಶಗಳಿರುವ ಭಾಗ) ಎಂದು ಎಣಿಸಿಬಿಡುತ್ತದೆ. ಅದಕ್ಕೆ ಮೊದಲು ಕಲೆಗಳನ್ನು ಗುರುತಿಸಿ, ಆ ಜಾಗಕ್ಕೆ ಸುತ್ತಲಿನ ಬಿಳಿ ದ್ರವ್ಯದ (ನರತಂತುಗಳ ಭಾಗದ) ಮೌಲ್ಯ ತುಂಬಿ, ಆಮೇಲೆ ಅಳೆಯಬೇಕು. ಗುರುತಿಸುವ ಕೆಲಸವನ್ನು ಯಂತ್ರ ಮಾಡಿದರೂ ಮನುಷ್ಯರು ಒಂದೊಂದೇ ಪದರ ನೋಡಿ ತಿದ್ದುತ್ತಾರೆ. ಮೆದುಳೊಳಗಿನ ದ್ರವ ತುಂಬಿದ ಕುಹರಗಳ ತುದಿಯಲ್ಲಿ ಎಲ್ಲರಿಗೂ ಇರುವ ಸಹಜ ಬಿಳುಪು, ಕಿರುಮೆದುಳಿನ ಹತ್ತಿರ ದ್ರವ ಹರಿಯುವುದರಿಂದ ಮೂಡುವ ಸುಳ್ಳು ಹೊಳಪು, ಇವೆರಡು ಪದೇ ಪದೇ ಮೋಸ ಮಾಡುತ್ತವೆ.

ಇನ್ನು ಆ ಒಂದು ಗಂಟೆ. ಕಲೆಗಳ ಸಂಖ್ಯೆಗೂ ನಡೆಯಲು ಆಗುವ ತೊಂದರೆಗೂ ಅನೇಕ ಸಲ ತಾಳೆಯಾಗುವುದಿಲ್ಲ. ಬೆನ್ನುಹುರಿಯ ಒಂದು ಕಲೆ ಮೆದುಳಿನ ಹತ್ತು ಕಲೆಗಳಿಗಿಂತ ಹೆಚ್ಚು ಕಾಡಬಹುದು. ಮೆದುಳಿನ ಹೊರಪದರದ ಕಲೆಗಳಂತೂ ಮಾಮೂಲಿ ಚಿತ್ರದಲ್ಲಿ ಬಹುಪಾಲು ಕಾಣುವುದೇ ಇಲ್ಲ. ಹಾಗಾಗಿ ಬೇರೆ ಬೇರೆ ಸೀಕ್ವೆನ್ಸ್ (ಚಿತ್ರ ತೆಗೆಯುವ ಬಗೆಗಳು) ಸೇರಿಸುತ್ತಾರೆ. ನನ್ನ ಮಟ್ಟಿಗೆ ಹೆಚ್ಚು ಭರವಸೆಯದು ರಕ್ತ ಮತ್ತು ಕಬ್ಬಿಣವನ್ನು ತೋರಿಸುವ ಬಗೆ. ಎಂಎಸ್ ಕಲೆ ಸಣ್ಣ ರಕ್ತನಾಳದ ಸುತ್ತ ಹುಟ್ಟುವುದರಿಂದ ಅದರ ನಟ್ಟನಡುವೆ ಕಪ್ಪು ಗೆರೆಯೊಂದು ಕಾಣುತ್ತದೆ. ಮೈಗ್ರೇನ್‌ನಿಂದಲೋ ವಯಸ್ಸಿನಿಂದಲೋ ಆದ ಕಲೆಗಳಲ್ಲಿ ಅದು ಅಪರೂಪ. ಕೆಲವು ಹಳೆಯ ಕಲೆಗಳ ಅಂಚಿನಲ್ಲಿ ಕಪ್ಪು ಉಂಗುರ ಇರುತ್ತದೆ: ಕಬ್ಬಿಣ ತುಂಬಿಕೊಂಡ ಪ್ರತಿರಕ್ಷಣಾ ಕೋಶಗಳು. ಆ ಕಲೆ ಒಳಗೊಳಗೇ ಇನ್ನೂ ಸುಡುತ್ತಿದೆ ಎಂದರ್ಥ. ನರಗಳ ಹೊದಿಕೆಯಾದ ಮೈಲಿನ್ ಪದರಗಳ ನಡುವೆ ಸಿಕ್ಕಿಕೊಂಡ ನೀರನ್ನು ಅಳೆಯುವ ವಿಧಾನವೂ ಇದೆ. ಆದರೆ ಬಾವಿನಿಂದ ನೀರು ಹೆಚ್ಚಾದಾಗಲೂ ಮೈಲಿನ್ ಪಾಲು ಕಡಿಮೆ ತೋರುತ್ತದೆ, ಅದೊಂದರ ಮೇಲೆ ತೀರ್ಮಾನಿಸಲಾಗದು.

ಹೋಗುವುದಾದರೆ ಹಿಂದಿನ ದಿನ ಎಂದಿನಂತೆ ನೀರು ಕುಡಿಯಿರಿ, ಮಲಗುವ ಮುಂಚೆ ಶೌಚಾಲಯಕ್ಕೆ ಹೋಗಿಬನ್ನಿ. ಕಾಲು ಸೆಟೆಯುತ್ತಿದ್ದರೆ ಮೊಣಕಾಲ ಕೆಳಗೆ ದಿಂಬು ಕೇಳಿ, ಯಾಕೆಂದರೆ ಐದಾರು ನಿಮಿಷದ ಫ್ಲೇರ್‌ನಲ್ಲಿ ತಲೆ ಅಲುಗಿದರೆ ಇಡೀ ಚಿತ್ರ ಹಾಳು. ಯಂತ್ರದಲ್ಲಿ ಮೈ ಸ್ವಲ್ಪ ಬಿಸಿಯಾಗುತ್ತದೆ. ಸೆಕೆಗೆ ಲಕ್ಷಣಗಳು ಹೆಚ್ಚಾಗುವವರು ಮೊದಲೇ ಹೇಳಿ. ಪೇಸ್‌ಮೇಕರ್, ಒಳಗೆ ಹಾಕಿದ ಲೋಹ, ಇತ್ತೀಚಿನ ಸ್ಟೆರಾಯ್ಡ್, ರಿಲ್ಯಾಪ್ಸ್ (ರೋಗ ಮತ್ತೆ ಕೆರಳುವುದು) ಯಾವುದನ್ನೂ ಬಿಡದೆ ತಿಳಿಸಿ.

ಸಹಿ ಹಾಕುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಗ್ಯಾಡೊಲಿನಿಯಂ ಇಂಜೆಕ್ಷನ್ ಕೊಡುತ್ತಾರೆಯೇ, ಕೊಟ್ಟರೆ ಪ್ರತಿ ವರ್ಷವೂ ಬೇಕೇ? ಅದು ಹೊಚ್ಚಹೊಸ ಉರಿಯೂತವನ್ನು ಕೆಲವು ವಾರ ಮಾತ್ರ ತೋರಿಸುತ್ತದೆ, ಹೊಸ ಕಲೆ ಎಣಿಸಲು ಅದಿಲ್ಲದೆಯೂ ಆಗುತ್ತದೆ. ಇನ್ನೊಂದು, ಚಿತ್ರಗಳನ್ನು ರೇಡಿಯಾಲಜಿಸ್ಟ್ ನೋಡುತ್ತಾರೆಯೇ, ಅನಿರೀಕ್ಷಿತವಾಗಿ ಏನಾದರೂ ಕಂಡರೆ ನಿಮ್ಮ ನರರೋಗ ತಜ್ಞರಿಗೆ ತಿಳಿಸುವವರು ಯಾರು? ಸಂಶೋಧನಾ ಸ್ಕ್ಯಾನ್‌ಗೆ ಆಸ್ಪತ್ರೆಯಂತೆ ರಿಪೋರ್ಟ್ ಬರುತ್ತದೆ ಅಂತ ನಂಬಿಕೊಂಡು ಕೂರಬೇಡಿ. ನಿಮ್ಮ ಮಾಮೂಲಿ ಎಂಆರ್‌ಐ ಅದರ ಪಾಡಿಗೆ ಆಗುತ್ತಿರಲಿ.