ಎವಿನ್‌ದೆ: ಯಾರ ಮನೆಯಲ್ಲಿ?

ಪ್ರಶ್ನೆ: ಸರ್, ಧಾರಾವಾಹಿ ನೋಡ್ತಾ ನೋಡ್ತಾ ಟರ್ಕಿಶ್ ಕಲಿಯುತ್ತಿದ್ದೇನೆ. 'ಎವ್' ಅಂದರೆ ಮನೆ, 'ಎವ್‌ದೆ' ಅಂದರೆ ಮನೆಯಲ್ಲಿ. ಆದರೆ 'ಎವಿನ್‌ದೆ'ಗೆ ಒಂದು ಕಡೆ 'ನಿನ್ನ ಮನೆಯಲ್ಲಿ', ಇನ್ನೊಂದು ಕಡೆ 'ಅವಳ ಮನೆಯಲ್ಲಿ' ಅಂತಿದೆ. ಯಾವುದು ಸರಿ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಎರಡೂ ಸರಿ.

ನಾವು 'ನನ್ನ ಮನೆ' ಅನ್ನುವುದನ್ನು ಅವರು 'ಎವಿಮ್' ಅಂತ ಒಂದೇ ಪದದಲ್ಲಿ ಮುಗಿಸುತ್ತಾರೆ. ನಿನ್ನ ಮನೆ 'ಎವಿನ್'. ಅವನ ಮನೆ, ಅವಳ ಮನೆ ಎರಡೂ 'ಎವಿ'. ಆ ಭಾಷೆಯಲ್ಲಿ ಅವನು-ಅವಳು ಭೇದವೇ ಇಲ್ಲ. ಮೊದಲು 'ಯಾರದು', ಆಮೇಲೆ ವಿಭಕ್ತಿ: 'ಎವಿಮ್‌ದೆ' ನನ್ನ ಮನೆಯಲ್ಲಿ, 'ಎವಿಮ್‌ದೆನ್' ನನ್ನ ಮನೆಯಿಂದ. ಬಹುವಚನ ಇದ್ದರೆ ಅದು ಇವೆರಡಕ್ಕೂ ಮುಂಚೆ: ಎವ್-ಲೆರ್-ಇಮ್-ದೆನ್, ನನ್ನ ಮನೆಗಳಿಂದ.

ಈಗ ನಿಮ್ಮ ತೊಡಕು. 'ಎವಿನ್'ಗೆ 'ದೆ' ಸೇರಿದರೆ ನಿನ್ನ ಮನೆಯಲ್ಲಿ. 'ಎವಿ'ಗೆ 'ದೆ' ಸೇರುವಾಗ ನಡುವೆ ಒಂದು 'ನ್' ಬರುತ್ತದೆ: ಎವಿ-ನ್-ದೆ. ರೂಪ ಒಂದೇ ಆಯಿತು. ಈ ನಡುವಿನ 'ನ್'ಗೆ ಸುಮ್ನೆ ಅರ್ಥ ಹುಡುಕಬೇಡಿ. ಊರು, ಅಲ್ಲಿ ಸೇರಿ 'ಊರಿನಲ್ಲಿ' ಆಗುತ್ತೆ ಅಲ್ವಾ? ನಡುವಿನ 'ಇನ್'ಗೆ ಏನರ್ಥ ಅಂತ ನಾವು ಕೇಳುವುದಿಲ್ಲ. ನಮ್ಮ ಧಾರವಾಡದ ಬಾಯಲ್ಲಿ ಅದು 'ಊರಾಗ', ಅಲ್ಲಿ ಆ 'ಇನ್' ಕೇಳಿಸುವುದೇ ಇಲ್ಲ. ಹಾಗಾಗಿ ತರಗತಿಯಲ್ಲಿ ನಾನು ಇದನ್ನು ಬೋರ್ಡ್ ಮೇಲೆ ಬಿಡಿಸಿ ಬರೆದೇ ತೋರಿಸುತ್ತಿದ್ದೆ.

ಗೊಂದಲ ಆಗುವ ಕಡೆ ಟರ್ಕಿಯವರು ಮುಂದೆ 'ಸೆನಿನ್' (ನಿನ್ನ) ಅಥವಾ 'ಒನುನ್' (ಅವನ, ಅವಳ) ಸೇರಿಸುತ್ತಾರೆ: 'ಒನುನ್ ಎವಿನ್‌ದೆ'. ಹೆಸರು ಬಂದರೂ ಹಾಗೇ. ಆಯ್ಶೆಯ ಮನೆ 'ಆಯ್ಶೆನಿನ್ ಎವಿ'. ಆಯ್ಶೆಗೂ ಒಂದು ಪ್ರತ್ಯಯ, ಮನೆಗೂ ಒಂದು. ಕನ್ನಡದವರು ಜಾಸ್ತಿ ಹುಷಾರಾಗಿರಬೇಕಾದದ್ದು ಇಲ್ಲೇ. ನಮಗೆ ಷಷ್ಠಿ ಒಂದಿದ್ದರೆ ಸಾಕು, 'ಆಯ್ಶೆನಿನ್ ಎವ್' ಅಂತ ಬಾಯಿಗೆ ಬಂದುಬಿಡುತ್ತದೆ.

ಬರೀ 'ಎವಿನ್' ಕೂಡ ಹೀಗೇ. 'ಎವಿನ್ ನೆರೆದೆ?' ಅಂದರೆ ನಿನ್ನ ಮನೆ ಎಲ್ಲಿ? 'ಎವಿನ್ ಸಾಹಿಬಿ' ಅಂದರೆ ಮನೆಯ ಮಾಲೀಕ. ಈ 'ಸಾಹಿಪ್' ನಮ್ಮ ಸಾಹೇಬನೇ, ಅರಬ್ಬಿಯಿಂದ ಬಂದವನು. 'ಸಾಹಿಪ್'ಗೂ ಕೊನೆಯಲ್ಲಿ 'ಇ' ಹತ್ತಿದೆ, ನೋಡಿ. ಪಕ್ಕದ ಪದಕ್ಕೆ ಹೀಗೆ ಒಡೆತನದ ಗುರುತಿದ್ದರೆ ಹಿಂದಿನದು ಷಷ್ಠಿ ಅಂತ ತಿಳಿಯಿರಿ.

ಇನ್ನೊಂದು ಮಾತು. ಪದದ ಸ್ವರ ನೋಡಿ ಪ್ರತ್ಯಯವೂ ಬದಲಾಗುತ್ತದೆ. ಶಾಲೆಗೆ 'ಒಕುಲ್'. ನನ್ನ ಶಾಲೆ 'ಒಕುಲುಮ್', ಶಾಲೆಯಲ್ಲಿ 'ಒಕುಲ್‌ದಾ'. ಹಾಗಾದರೆ 'ಒಕುಲುನ್‌ದಾ' ಅಂದರೇನು? ಎರಡೂ ಅರ್ಥ ಬಿಡಿಸಿ ಬರೆದು ಕಳಿಸಿ, ನೋಡುತ್ತೇನೆ.