ಒಮ್ಮೆಲೇ ಕುಡಿತ ಬಿಡಿಸುವ ಮುನ್ನ

ಲಾಕ್‌ಡೌನಿನಲ್ಲಿ ಮದ್ಯ ಸಿಗದೆ ನಿಮ್ಮ ಭಾವ ಮೂರನೆಯ ದಿನ ಗೋಡೆಯ ತುಂಬ ಹುಳ ಹರಿಯುತ್ತಿವೆ ಎಂದು ಕೂಗಾಡಿದ್ದರು, ಈಗ ಮತ್ತೆ ಬಿಡುತ್ತೇನೆ ಎನ್ನುತ್ತಿದ್ದಾರೆ, ಮನೆಯಲ್ಲೇ ಬಿಡಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಬೇಡ.

ಅದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ವರ್ಷಗಟ್ಟಲೆ ಮದ್ಯ ಅದುಮಿಟ್ಟಿದ್ದ ಮಿದುಳು, ಮದ್ಯ ತಟ್ಟನೆ ನಿಂತಾಗ ಕೆರಳುತ್ತದೆ. ಮೊದಲ ದಿನ ಕೈನಡುಕ, ಬೆವರು, ನಿದ್ದೆಗೇಡು, ಕೆಲವರಿಗೆ ಫಿಟ್ಸ್, ಎರಡು ಮೂರನೆಯ ದಿನಕ್ಕೆ ಇಂಥ ಭ್ರಮೆ. ಜೀವಕ್ಕೇ ಕುತ್ತು ಬರಬಹುದು. ಒಮ್ಮೆ ಹೀಗಾದವರಿಗೆ ಮುಂದಿನ ಸಲ ಅಪಾಯ ಇನ್ನೂ ಹೆಚ್ಚು. 2020ರ ಮೇ 4ರಂದು ಕರ್ನಾಟಕದಲ್ಲಿ ಮದ್ಯದಂಗಡಿ ತೆರೆದಾಗ ಆ ಉದ್ದನೆಯ ಸಾಲುಗಳನ್ನು ನೋಡಿ ನಗೆಯಾಡಿದವರಿಗೆ ಅಲ್ಲಿ ನಿಂತವರ ನಡುಗುವ ಕೈ ಕಂಡಿರಲಾರದು.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ, ಹಿಂದೆ ಆದದ್ದನ್ನೆಲ್ಲ ಮುಚ್ಚಿಡದೆ ಹೇಳಿ. ದಾಖಲಿಸಿಕೊಂಡು ನಡುಕ ತಗ್ಗಿಸುವ ಮಾತ್ರೆಯನ್ನು ದಿನೇ ದಿನೇ ಇಳಿಸುತ್ತಾ ಕೊಡುತ್ತಾರೆ, ಬಿ1 ಜೀವಸತ್ವದ ಚುಚ್ಚುಮದ್ದು ಹಾಕುತ್ತಾರೆ. ಅಲ್ಲಿಯವರೆಗೆ ಕುಡಿತವನ್ನು ಒಮ್ಮೆಲೇ ನಿಲ್ಲಿಸಬಾರದು. ನಿಮ್ಮ ಅಕ್ಕನಿಗೆ ಈ ಮಾತು ರುಚಿಸದು, ಆದರೂ ಹೇಳಿ. ಗೊತ್ತಾಗದಂತೆ ಸಾರಿನಲ್ಲಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಯ ಗೊಡವೆಗಂತೂ ಹೋಗಲೇಬೇಡಿ.

ಯಾರನ್ನು ಕಾಣಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.