ಪುಣೆಗೆ ಹೊಸದಾಗಿ ಬಂದ ತಂಗಿಗೆ, ಗೌರಿಯ ಬಗ್ಗೆ

ತಂಗಿ,

ನಿನ್ನ ಪತ್ರ ಓದಿದೆ. ನೀನು ಮೈಸೂರು ಬಿಟ್ಟು ಪುಣೆಗೆ ಕೆಲಸಕ್ಕೆ ಬಂದ ಸ್ವಲ್ಪ ದಿನಕ್ಕೇ ಅಪ್ಪನ ಟಾಂಗಾದ ಕುದುರೆ ಗೌರಿ ಹೊಟ್ಟೆನೋವಿಗೆ ಬಿದ್ದಳು. ಇನ್ನು ಉಳಿಯಲ್ಲ ಎಂದು ಡಾಕ್ಟರು ಹೇಳಿದಾಗ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಲು ಅಪ್ಪ ಒಪ್ಪಿದರು. ಅವತ್ತಿನಿಂದ ನೀನು ಅವರ ಫೋನ್ ಎತ್ತುತ್ತಿಲ್ಲ. ಈ ಊರಲ್ಲಿ ಹೇಗೆ ಇರೋದು, ಯಾರ ಹತ್ತಿರ ಹೇಳಿಕೊಳ್ಳೋದು ಎಂದು ಕೇಳಿದ್ದೀಯ. ಬಾಡಿಗೆ ರೂಮು, ಮರಾಠಿ, ಊಟದ ಬಗ್ಗೆಯೂ ಕೇಳಿದ್ದೀಯ. ಅವು ದಿನ ಕಳೆದಂತೆ ತಾವಾಗಿಯೇ ಸರಿಹೋಗುತ್ತವೆ. ಗೌರಿಯ ವಿಷಯ ಹಾಗಲ್ಲ, ಅದಕ್ಕೇ ಅದನ್ನೇ ಬರೆಯುತ್ತೇನೆ.

ನಾನು ಕುಣಿಗಲ್ ಕಡೆಯವನು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ಅದು. ಪುಣೆಗೆ ಬಂದದ್ದೇ ಲಾಯದ ಕೆಲಸಕ್ಕೆ. ಮಳೆಗಾಲದ ರೇಸು ಇಲ್ಲಿ, ಚಳಿಗಾಲದ್ದು ಮುಂಬೈಯ ಮಹಾಲಕ್ಷ್ಮಿಯಲ್ಲಿ. ಕುದುರೆಗಳ ಜೊತೆ ಘಾಟ್ ಇಳಿದು ಹತ್ತಿಯೇ ನನ್ನ ವಯಸ್ಸು ಕಳೆಯಿತು. ಇದೇ ಹೊಟ್ಟೆನೋವಿನಲ್ಲಿ ನಾನು ಮೇವು ಹಾಕಿ ಬೆಳೆಸಿದ ಕುದುರೆಗಳೂ ಹೋಗಿವೆ.

'ನಾನಿದ್ದಿದ್ದರೆ ಬಿಡ್ತಿರಲಿಲ್ಲ, ರಾತ್ರಿಯೆಲ್ಲ ನಡೆಸಿ ಉಳಿಸಿಕೊಳ್ತಿದ್ದೆ' ಎಂದು ಬರೆದಿದ್ದೀಯ. ಇಲ್ಲಮ್ಮ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಕೇಳು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆಯ ಬಾಯಲ್ಲಿರುವ ಸ್ನಾಯು ಅಷ್ಟು ಬಿಗಿ, ಒಳಗೆ ಹೋದದ್ದು ಹಿಂದೆ ಬರುವುದಿಲ್ಲ. ಮೈ ಅಷ್ಟು ದೊಡ್ಡದಾದರೂ ಹೊಟ್ಟೆಯ ಚೀಲ ಚಿಕ್ಕದು. ದೊಡ್ಡ ಕರುಳು ಮಾತ್ರ ಬಹಳ ದೊಡ್ಡದು, ಅದರ ಹೆಚ್ಚಿನ ಭಾಗ ಯಾವುದಕ್ಕೂ ಅಂಟಿಕೊಳ್ಳದೆ ಸಡಿಲವಾಗಿರುತ್ತದೆ. ಗ್ಯಾಸ್ ತುಂಬಿದರೆ ಅದು ಜಾಗ ಬಿಟ್ಟು ಸರಿಯುತ್ತದೆ, ಕೆಲವೊಮ್ಮೆ ಪೂರ್ತಿ ತಿರುಚಿಕೊಳ್ಳುತ್ತದೆ. ಬರೀ ಗ್ಯಾಸ್ ಆದರೆ ನಡೆಸಿದರೆ, ಔಷಧಿ ಕೊಟ್ಟರೆ ಇಳಿಯುತ್ತದೆ. ತಿರುಚಿಕೊಂಡ ಕರುಳನ್ನು ಯಾವ ನಡಿಗೆಯೂ ಬಿಚ್ಚುವುದಿಲ್ಲ. ರಕ್ತ ನಿಂತು ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತದೆ. ಅಷ್ಟರೊಳಗೆ ಹೊಟ್ಟೆ ಕೊಯ್ದು ಆಪರೇಷನ್ ಆಗಬೇಕು. ಅಂಥ ಅನುಕೂಲ ನಮ್ಮ ದೇಶದಲ್ಲಿ ಇರುವುದೇ ಕೆಲವು ಕಡೆ.

ಒಸಡು ಕಪ್ಪಗಾಗಿತ್ತು, ನೋವಿನ ಇಂಜೆಕ್ಷನ್ ಕೊಟ್ಟರೂ ಮತ್ತೆ ಮತ್ತೆ ಬಿದ್ದು ಹೊರಳಾಡುತ್ತಿದ್ದಳು ಎಂದು ಅಪ್ಪ ಹೇಳಿದ್ದನ್ನು ನೀನೇ ಬರೆದಿದ್ದೀಯ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಅಂಥ ಹೊತ್ತಿನಲ್ಲಿ ಅದು 80 ದಾಟುವುದನ್ನು ನಾನು ಕೈಯಿಟ್ಟು ನೋಡಿದ್ದೇನೆ. ಅಲ್ಲಿಂದಾಚೆ ಉಳಿಯುವುದು ನೋವು ಮಾತ್ರ. ನಿಮ್ಮಪ್ಪ ಅದನ್ನು ನಿಲ್ಲಿಸಿದರು. ದಿನಾ ಹುರುಳಿ ಬೇಯಿಸಿ ಹಾಕಿದ ಕೈಯಿಂದಲೇ ಅವಳ ತಲೆ ಹಿಡಿದುಕೊಂಡು ಕೂತು 'ಹೂಂ' ಅನ್ನುವುದು ಎಷ್ಟು ಕಷ್ಟ ಎಂದು ಯೋಚನೆ ಮಾಡು. ಬೇಡ ಅನ್ನುವುದು ಸುಲಭವಿತ್ತು. ಇವತ್ತೇ ಫೋನ್ ಮಾಡು. ಏನೂ ವಿವರಿಸಬೇಡ. 'ಗೌರಿ ಬಗ್ಗೆ ಮಾತಾಡಿ ಅಪ್ಪಾ' ಅನ್ನು, ಅವರೇ ಮಾತಾಡುತ್ತಾರೆ. ಬೆಳಗಿನ ಜಾವ ಮಾಡಿದರೆ ಇನ್ನೂ ಒಳ್ಳೆಯದು. ಮೇವು ಹಾಕುವ ಹೊತ್ತಿಗೆ ಎಚ್ಚರವಾಗಿ, ಮಾಡಲು ಏನೂ ಇಲ್ಲದೆ ಕೂರುವುದು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ.

ಇನ್ನು ಈ ಊರಿನ ಮಾತು. ನಿನ್ನ ಆಫೀಸಿನಲ್ಲಿ ಎಲ್ಲರಿಗೂ ಇದು ಅರ್ಥವಾಗಲ್ಲ, ನಿಜ. 'ಕುದುರೆ ತಾನೇ' ಅಂದವರ ಹತ್ತಿರ ಮತ್ತೆ ಹೇಳಲು ಹೋಗಬೇಡ. ಆದರೆ ಪುಣೆಯಲ್ಲಿ ಕೆಲಸ ಮಾಡುವವರಲ್ಲಿ ಎಷ್ಟೋ ಜನ ಸಾತಾರಾ, ಬಾರಾಮತಿ, ಫಲ್ಟಣದ ಹಳ್ಳಿಗಳಿಂದ ಬಂದವರು. ಮನೆಯಲ್ಲಿ ಎತ್ತು ಸಾಕಿ, ಬೇಂದೂರ, ಪೋಳಾ ಎಂಬ ಎತ್ತಿನ ಹಬ್ಬಗಳಿಗೆ ಅದರ ಕೊಂಬಿಗೆ ಬಣ್ಣ ಹಚ್ಚಿ ಬೆಳೆದವರು. ಆ ಕಡೆಯ ಧನಗರರು ಇವತ್ತಿಗೂ ಕುರಿಮಂದೆಯ ಜೊತೆ ಭೀಮಥಡಿ ಕುದುರೆಗಳ ಮೇಲೆ ಸಾಮಾನು ಹೇರಿಕೊಂಡು ಊರೂರು ಹೋಗುತ್ತಾರೆ. ಅಂಥ ಒಬ್ಬರಿಗೆ, ಮುರುಕು ಮರಾಠಿಯಲ್ಲೇ ಆಗಲಿ, ಹೇಳಿ ನೋಡು. ನಾನು ಹಾಗೆ ಹೇಳಿಕೊಂಡಾಗ ಎದುರಿನವರು ತಮ್ಮ ಮನೆಯ ಎತ್ತಿನ ಕಥೆ ಹೇಳಿ ನನ್ನ ಜೊತೆ ಅತ್ತಿದ್ದಾರೆ.

ಅಳಬೇಕು ಅನಿಸಿದಾಗ ಅಳು. ದೇವರಿಗೆ ಹೋಗುವ ಅಭ್ಯಾಸವಿದ್ದರೆ ಜೇಜುರಿಗೆ ಹೋಗಿ ಬಾ, ಇಲ್ಲಿಂದ 50 ಕಿಲೋಮೀಟರ್ ಆಸುಪಾಸು. ಅಲ್ಲಿಯ ಖಂಡೋಬ ನಮ್ಮ ಮೈಲಾರಲಿಂಗನೇ, ಕುದುರೆ ಏರಿದ ದೇವರು. ಗೌರಿ ಹೆಸರಲ್ಲಿ ಒಂದು ಹಿಡಿ ಭಂಡಾರ (ಅರಿಶಿನದ ಪುಡಿ) ತೂರಿ ಬಾ. ಕ್ಯಾಂಪ್ ಕಡೆಯ ರೇಸ್‌ಕೋರ್ಸಿಗೆ ಮಾತ್ರ ಈಗಲೇ ಬೇಡ. ಲಾಯದ ವಾಸನೆ ಬಂದರೆ ಸಾಕು, ಕಾಲು ಮುಂದೆ ಹೋಗುವುದಿಲ್ಲ. ಯಾವತ್ತೋ ಒಂದು ದಿನ ನಿನಗೇ ನೋಡಬೇಕು ಅನಿಸುತ್ತದೆ. ಅವತ್ತು ಹೇಳು, ನಾನೇ ಕರೆದುಕೊಂಡು ಹೋಗುತ್ತೇನೆ.

ಇನ್ನೊಂದು ಮಾತು, ಇದು ನಿನಗೆ ನೋವಾಗಬಹುದು. ಅಪ್ಪ ಬೇಗ ಇನ್ನೊಂದು ಕುದುರೆ ತರುತ್ತಾರೆ. ಗೌರಿಯನ್ನು ಮರೆತರು ಅಂದುಕೊಳ್ಳಬೇಡ. ಟಾಂಗಾ ನಿಂತರೆ ಮನೆ ನಡೆಯುವುದು ಹೇಗೆ? ಹೊಸದನ್ನು ಗೌರಿ ಎಂದು ಕರೆಯಬೇಡಿ, ಅದಕ್ಕೆ ಅದರದೇ ಹೆಸರಿರಲಿ. ರೇಸು ಬಿಟ್ಟ ಕುದುರೆ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅವಸರ ಬೇಡ. ಓಡಲು ಬೆಳೆಸಿದ ಕುದುರೆ ಬಸ್ಸಿನ ಹಾರನ್ನಿಗೆ ಬೆದರುತ್ತದೆ, ಗಾಡಿಗೆ ಪಳಗಿಸುವುದು ಕಷ್ಟ. ದಸರಾ ಜನದ ನಡುವೆ ನಡೆದು ಗೊತ್ತಿರುವ ಕುದುರೆಯೇ ಬೇಕು. ಹಲ್ಲು ನೋಡಲಿ, ನಾಲ್ಕೂ ಗೊರಸು ಎತ್ತಿಸಿ ನೋಡಲಿ, ಗಟ್ಟಿ ರಸ್ತೆಯ ಮೇಲೆ ಓಡಿಸಿ ಕುಂಟು ಇದೆಯಾ ನೋಡಲಿ. ನೋಡಲು ಹೋಗುವ ದಿನ ಫೋನಿನಲ್ಲಿ ವಿಡಿಯೋ ಮಾಡಿ ನನಗೂ ಕಳಿಸಲು ಹೇಳು.